ದೋಣಿಯ ಮೇಲಿನವರು

ಆಟಿ ತಿಂಗಳಲ್ಲಿ ಬಂಟ್ವಾಳದವರಿಗೆ ನೀರಿನ ಸುದ್ದಿ ಯಾರೂ ಹೇಳಬೇಕಾಗಿಲ್ಲ. ಬೆಳಗ್ಗೆ ಹಾಲು ತರಲು ಹೋದವರು ಬರುವಾಗ ನೇತ್ರಾವತಿ ಎಷ್ಟು ಏರಿದೆ ಎಂಬುದನ್ನೂ ನೋಡಿಕೊಂಡೇ ಬರುತ್ತಾರೆ. ಪೇಟೆಯ ಹಿರಿಯರು 1974ರ ನೆರೆಯ ಲೆಕ್ಕ ಹಿಡಿದು ಮಾತನಾಡುತ್ತಾರೆ. ಅವರ ಅಜ್ಜಂದಿರು 1923ರ ನೆರೆಯ ಲೆಕ್ಕ ಹಿಡಿಯುತ್ತಿದ್ದರು. ಇಷ್ಟು ನೀರಿರುವ ಊರಿನಲ್ಲಿ ಜೂನ್ ಬಂತೆಂದರೆ ಈಜುವವರಿಗೆ ನೀರಿಲ್ಲ. ಹೊಳೆ ಕೆಂಪಗಾಗಿ ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿರುತ್ತದೆ. ಪಣಂಬೂರು, ತಣ್ಣೀರುಬಾವಿಯಲ್ಲಿ ಕಡಲಿಗೆ ಇಳಿಯಲು ಬಿಡುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ 61 ದಿನ ನಿಷೇಧ. ನನ್ನ ಅಕ್ಕನ ಮಗಳು ಇಂಗ್ಲಿಷ್ ಕಡಲ್ಗಾಲುವೆ ಈಜಲು ಹೊರಟಿರುವುದು ಇದೇ ಮಳೆಗಾಲದಲ್ಲಿ. ಅಲ್ಲಿಯ ನೀರು ಮನುಷ್ಯರು ಇಳಿಯಬಹುದಾದಷ್ಟು ಬಿಸಿಯಾಗುವುದು ನಮ್ಮಲ್ಲಿ ಮಳೆ ಸುರಿಯುವ ಆ ನಾಲ್ಕು ತಿಂಗಳಲ್ಲಿ ಮಾತ್ರ. ಹಾಗಾಗಿ ದೂರದ ಈಜುಗಳನ್ನೆಲ್ಲ ಮೇ ಮುಗಿಯುವುದರೊಳಗೆ ಮುಗಿಸಿಕೊಳ್ಳಬೇಕಾಯಿತು. ಈಗ ಉಳಿದಿರುವುದು ಈಜುಕೊಳ, ಐಸ್ ಡ್ರಮ್ಮು ಮತ್ತು ಮನೆಯೊಳಗಿನ ತಯಾರಿ. ಈ ಮನೆಯೊಳಗಿನ ತಯಾರಿಯ ಬಗ್ಗೆಯೇ ನನಗೆ ಬರೆಯಬೇಕೆನಿಸಿದೆ, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಉಂಟು. ಅವಳ ಜೊತೆ ದೋಣಿಯಲ್ಲಿ ಹೋಗುವವಳು ನಾನು.

ಹುಡುಗಿ ಬೆಳೆದದ್ದು ಮೂಡುಬಿದಿರೆಯಲ್ಲಿ. 18 ಬಸದಿ, 18 ದೇವಸ್ಥಾನ, 18 ಕೆರೆಗಳ ಊರೆಂದು ಹೇಳಿಕೊಳ್ಳುವ ಊರು ಅದು. ಆದರೆ ಈಜು ಕಲಿತದ್ದು ಬೆಳ್ತಂಗಡಿ ಕಡೆಯ ನಮ್ಮ ತವರುಮನೆಯ ಹೊಳೆಯಲ್ಲಿ. ದೀಪಾವಳಿ ಕಳೆದು ನೀರು ಇಳಿಯುತ್ತಿದ್ದಂತೆ ತೋಟಕ್ಕೆ ನೀರು ತಿರುಗಿಸಲು ಊರವರೆಲ್ಲ ಸೇರಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು ತುಂಬಿದ ಆ ಕಟ್ಟದ ಹಿಂದೆ ದೊಡ್ಡವರ ಎದೆಮಟ್ಟ ನೀರು ನಿಲ್ಲುತ್ತಿತ್ತು. ನನ್ನ ಅಪ್ಪ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಮೊಮ್ಮಗಳನ್ನು ಮಲಗಿಸಿ ನೀರಿಗೆ ಬಿಟ್ಟರು. ನನ್ನನ್ನೂ ಅಕ್ಕನನ್ನೂ ಹಾಗೆಯೇ ಬಿಟ್ಟಿದ್ದರು. ಅಪ್ಪನದೊಂದು ಕಟ್ಟುನಿಟ್ಟಿತ್ತು: ಮಗು ನೀರಿನಲ್ಲಿರುವಷ್ಟು ಹೊತ್ತು ದಡದಲ್ಲಿರುವವರು ಕೂತುಕೊಳ್ಳುವ ಹಾಗಿಲ್ಲ, ಎಲೆ ಅಡಿಕೆ ಹಾಕುವ ಹಾಗಿಲ್ಲ, ದಾರಿಯಲ್ಲಿ ಹೋಗುವವರನ್ನು ಮಾತನಾಡಿಸುವ ಹಾಗಿಲ್ಲ. ನಿಂತು ನೋಡುತ್ತಿರಬೇಕು, ಅಷ್ಟೇ.

ಆಮೇಲೆ ಈಜುಕೊಳ, ತರಬೇತಿ, ಪದಕ ಎಲ್ಲ ಬಂದವು. ಕಡಲಿನ ಆಸೆ ಹುಟ್ಟಿದ್ದು ನಮ್ಮ ಕರಾವಳಿಯವರನ್ನು ನೋಡಿಯೇ. ಕೋಡಿ ಕನ್ಯಾನದ ಗೋಪಾಲ ಖಾರ್ವಿಯವರು 2013ರಲ್ಲಿ ಕೈಕಾಲು ಕಟ್ಟಿಸಿಕೊಂಡು ಸೇಂಟ್ ಮೇರಿಸ್ ದ್ವೀಪದಿಂದ ಮಲ್ಪೆಗೆ ಈಜಿ ಗಿನ್ನೆಸ್ ದಾಖಲೆ ಮಾಡಿದವರು. ಉಡುಪಿಯ ಗಂಗಾಧರ ಕಡೆಕಾರ್ ಅವರು 2021ರಲ್ಲಿ, ಅರವತ್ತು ದಾಟಿದ ಮೇಲೆ, ಪದ್ಮಾಸನ ಹಾಕಿ ಕಾಲಿಗೆ ಸರಪಳಿ ಬಿಗಿದು ಕಡಲಲ್ಲಿ ಈಜಿದರು. ಅವರ ಸುದ್ದಿಗಳಿದ್ದ ಪತ್ರಿಕೆಯ ತುಂಡುಗಳನ್ನು ಹುಡುಗಿ ತನ್ನ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಬೇಸಗೆಯಲ್ಲಿ ಪಾಣೆಮಂಗಳೂರಿನ ಹಳೆ ಸೇತುವೆಯಿಂದ ಕೆಳಗೆ ನೇತ್ರಾವತಿಯಲ್ಲಿ ಅವಳು ಗಂಟೆಗಟ್ಟಲೆ ಈಜುವಾಗ ನಾನು ಸಣ್ಣ ದೋಣಿಯಲ್ಲಿ ಪಕ್ಕದಲ್ಲೇ ಇರುತ್ತಿದ್ದೆ.

ಕಡಲ್ಗಾಲುವೆಯ ಅತಿ ಕಿರಿದಾದ ಜಾಗ ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಪ್ ಗ್ರಿ ನೇ ನಡುವೆ. ಸುಮಾರು 33 ಕಿಲೋಮೀಟರ್. ಬಿ.ಸಿ. ರೋಡಿನಲ್ಲಿ ಬಸ್ ಹತ್ತಿ ಬೆಳ್ತಂಗಡಿಯಲ್ಲಿ ಇಳಿದರೆ ಹೆಚ್ಚುಕಡಿಮೆ ಅಷ್ಟು ದೂರ. ಆದರೆ ಅಲ್ಲಿ ಯಾರಿಗೂ ನೇರ ದಾರಿ ಸಿಗುವುದಿಲ್ಲ. ಸುಮಾರು ಆರು ಗಂಟೆಗೊಮ್ಮೆ ನೀರಿನ ಸೆಳೆತ ದಿಕ್ಕು ಬದಲಾಯಿಸುತ್ತದೆ. ಒಮ್ಮೆ ಈಶಾನ್ಯಕ್ಕೆ ಎಳೆದರೆ ಇನ್ನೊಮ್ಮೆ ನೈಋತ್ಯಕ್ಕೆ. ಈಜಿದ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಹಾವು ಹರಿದ ಹಾಗೆ ಕಾಣುತ್ತದೆ. ನಡುವೆ ದಿನಕ್ಕೆ ನೂರಾರು ಹಡಗುಗಳು ಓಡಾಡುವ ಎರಡು ಸಾಲು ಬೇರೆ. 1875ರ ಆಗಸ್ಟ್‌ನಲ್ಲಿ ಮ್ಯಾಥ್ಯೂ ವೆಬ್ ಮೊದಲ ಸಲ ದಾಟಿದಾಗ 21 ಗಂಟೆ 45 ನಿಮಿಷ ಬೇಕಾಯಿತು. ನಮ್ಮ ದೇಶದಿಂದ ಮೊದಲು ದಾಟಿದವರು ಮಿಹಿರ್ ಸೇನ್, 1958ರಲ್ಲಿ, 14 ಗಂಟೆ 45 ನಿಮಿಷದಲ್ಲಿ.

ದೂರ ಅವಳಿಗೆ ಹೊಸತಲ್ಲ. ಹೊಸತು ಚಳಿ. ನಮ್ಮ ಹೊಳೆಯ ನೀರು ಬೇಸಗೆಯಲ್ಲಿ 29, 30 ಡಿಗ್ರಿ. ಅಲ್ಲಿ ನಡು ಆಗಸ್ಟ್‌ನಲ್ಲೂ 17, 18. ಮೈ ಪೂರ್ತಿ ಮುಚ್ಚುವ ರಬ್ಬರ್ ಉಡುಪು ಹಾಕುವ ಹಾಗಿಲ್ಲ. ಒಂದು ಸಾದಾ ಈಜುಡುಗೆ, ಒಂದು ಟೊಪ್ಪಿ, ಕನ್ನಡಕ, ಕಿವಿಗೆ ಮುಚ್ಚಳ, ಮೈಗೆ ಜಿಡ್ಡು: ನಿಯಮ ಒಪ್ಪುವುದು ಹೆಚ್ಚುಕಡಿಮೆ ಇಷ್ಟನ್ನೇ. ಅದಕ್ಕೂ ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರು ಗಂಟೆ ಈಜಿ, ಅದಕ್ಕೆ ಸಾಕ್ಷಿ ಕೊಡಬೇಕು. ಅಷ್ಟು ತಣ್ಣನೆಯ ನೀರನ್ನು ಕರಾವಳಿಯಲ್ಲಿ ಎಲ್ಲಿಂದ ತರುವುದು? ಮೀನಿನವರಿಂದ ತಂದೆವು. ಅಕ್ಕನ ಮನೆಯ ಹಿತ್ತಿಲಲ್ಲಿ ಒಂದು ದೊಡ್ಡ ನೀಲಿ ಡ್ರಮ್ ಇದೆ. ಅಡಿಕೆಗೆ ಮದ್ದು ಬಿಡುವ ಬ್ಯಾರೆಲ್ ಬೇಡವೆಂದು ಭಾವ ಹೊಸತನ್ನೇ ತಂದರು. ಮಂಗಳೂರಿನ ದಕ್ಕೆಯಿಂದ ಬರುವ ಮೀನಿನ ಗಾಡಿಯವರು ಒಂದು ಬ್ಲಾಕ್ ಐಸನ್ನು ಗೋಣಿಯಲ್ಲಿ ಸುತ್ತಿ ಗೇಟಿನ ಬಳಿ ಇಳಿಸಿ ಹೋಗುತ್ತಾರೆ. ಭಾವ ಅದನ್ನು ಸುತ್ತಿಗೆಯಿಂದ ಒಡೆದು ಡ್ರಮ್ಮಿಗೆ ಹಾಕುತ್ತಾರೆ. ಥರ್ಮಾಮೀಟರ್ 14 ತೋರಿಸಿದ ಮೇಲೆ ಹುಡುಗಿ ಕುತ್ತಿಗೆವರೆಗೆ ಇಳಿಯುತ್ತಾಳೆ. ಮೊದಲ ಎರಡು ನಿಮಿಷ ಅವಳ ಉಸಿರು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ಮಾತು ಹೊರಡುವುದಿಲ್ಲ. ಆಮೇಲೆ ಉಸಿರು ತಾನಾಗಿ ಕೆಳಗಿಳಿದು, ಭುಜ ಸಡಿಲವಾಗಿ, "ಈಗ ಆಯ್ತು ಚಿಕ್ಕಮ್ಮ" ಅನ್ನುತ್ತಾಳೆ. ದಿನ ಹೋದಂತೆ ಆ ಎರಡು ನಿಮಿಷ ಒಂದಾಗಿ, ಒಂದು ಅರ್ಧವಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಜೀವಮಾನ ಕಳೆದವಳು ನಾನು. ಶರೀರ ಹೀಗೆ ಪಾಠ ಕಲಿಯುವುದನ್ನು ನೋಡಿದಾಗ ಈಗಲೂ ಆಶ್ಚರ್ಯವಾಗುತ್ತದೆ.

ಚಳಿಗೆ ಇನ್ನೊಂದು ಔಷಧ ಮೈಯ ಕೊಬ್ಬು. ಓಟದವರು ತೂಕ ಇಳಿಸಿದರೆ ಕಡಲ್ಗಾಲುವೆಗೆ ಹೋಗುವವರು ಏರಿಸಿಕೊಳ್ಳಬೇಕು. ಅವಳ ತಟ್ಟೆಗೆ ತುಪ್ಪ, ಬಾಳೆಹಣ್ಣು, ಬೂತಾಯಿ, ಗೋಡಂಬಿ ಧಾರಾಳವಾಗಿ ಬೀಳುತ್ತಿವೆ. ನೆಂಟರೊಬ್ಬರು ಮದುವೆಯ ವಯಸ್ಸಿನ ಹುಡುಗಿಯನ್ನು ಇಷ್ಟು ದಪ್ಪ ಮಾಡಿದ್ದೀರಲ್ಲ ಎಂದು ಅಕ್ಕನಲ್ಲಿ ಕೇಳಿದರಂತೆ. "ಆ ಮೈಯೇ ಅವಳ ಕಂಬಳಿ" ಎಂದು ಅಕ್ಕ ಹೇಳಿ ಕಳಿಸಿದಳು. ಅಕ್ಕ ಜೋರು ಮಾತಿನವಳಲ್ಲ. ಆ ದಿನ ಅವಳ ಬಗ್ಗೆ ನನಗೆ ತುಂಬ ಹೆಮ್ಮೆಯಾಯಿತು.

ನೀರಿನಲ್ಲಿರುವಾಗ ಕೊಡುವ ಆಹಾರದ್ದು ಬೇರೆಯೇ ಅಧ್ಯಾಯ. ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಮ್ಮೆ ಬೆಚ್ಚಗಿನ ದ್ರವ ಕೊಡಬೇಕು. ಉಪ್ಪುನೀರಿನಿಂದ ನಾಲಿಗೆ ಊದಿಕೊಂಡಿರುತ್ತದೆ, ಅಗಿಯಲು ಆಗುವುದಿಲ್ಲ. ಎಲ್ಲ ಕಡೆಯ ಈಜುಗಾರರು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪುಡಿಯನ್ನು ಕದಡಿ ಕುಡಿಯುತ್ತಾರೆ. ಪಿಷ್ಟವನ್ನು ಒಡೆದು ಮಾಡಿದ ಪುಡಿ ಅದು. ಮೇ ತಿಂಗಳ ದೀರ್ಘ ಈಜಿನಲ್ಲಿ ಅದು ಇವಳಿಗೆ ಹೊಟ್ಟೆ ತೊಳಸುವಂತೆ ಮಾಡಿತು. ಆಗ ಅಕ್ಕ ಕುಚ್ಚಲಕ್ಕಿ ಗಂಜಿಯ ತೆಳಿಗೆ ಉಪ್ಪು, ಚೂರು ಬೆಲ್ಲ ಹಾಕಿ ಫ್ಲಾಸ್ಕಿನಲ್ಲಿ ಕೊಟ್ಟಳು. ಅದು ದಕ್ಕಿತು. ಈಗ ಒಂದು ಸಲ ಪುಡಿ, ಒಂದು ಸಲ ತೆಳಿ ಎಂದು ನಿಗದಿಯಾಗಿದೆ. ಕುಚ್ಚಲಕ್ಕಿಯ ಚೀಲವೊಂದು ನಮ್ಮ ಪೆಟ್ಟಿಗೆಯಲ್ಲಿ ವೀಸಾ ಕಾಗದ, ಇಸಿಜಿ ವರದಿ, ವೈದ್ಯರ ಪ್ರಮಾಣಪತ್ರಗಳ ಜೊತೆ ಡೋವರಿಗೆ ಬರುತ್ತದೆ.

ಖರ್ಚಿನ ಮಾತು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ದೋಣಿ ಬಾಡಿಗೆಯೇ ಮೂರು ಸಾವಿರ ಪೌಂಡಿಗೂ ಮೇಲೆ, ಸೊಸೈಟಿಯಲ್ಲಿ ಸಾಲ ತೆಗೆದಿದ್ದೇವೆ, ತೀರಿಸುತ್ತೇವೆ.

ದೋಣಿಯನ್ನು ವರ್ಷಗಳ ಮೊದಲೇ ಗೊತ್ತುಮಾಡಬೇಕು. ಹಾಗೆಂದು ಇಂಥ ದಿನ ಎಂದು ಯಾರೂ ಹೇಳುವುದಿಲ್ಲ. ಉಬ್ಬರವಿಳಿತದ ಸೆಳೆತ ಕಡಿಮೆ ಇರುವ ಒಂದು ವಾರವನ್ನು ಕೊಟ್ಟು, ಅದರೊಳಗೆ ಒಂದನೆಯ, ಎರಡನೆಯ, ಮೂರನೆಯ ಸರದಿ ಎಂದು ಹಂಚುತ್ತಾರೆ. ನಮ್ಮದು ಎರಡನೆಯದು. ಆ ವಾರ ಹೇಗೆ ಬರುತ್ತದೆಂದು ತಿಳಿಯಲು ನಾನು ಗೋಡೆಯ ಪಂಚಾಂಗ ನೋಡಿದೆ: ಅಷ್ಟಮಿ-ನವಮಿಯ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆಗೆ ಕಡಲು ಜೋರಾಗಿ ಏರಿ ಇಳಿಯುವುದು, ಅಷ್ಟಮಿಗೆ ತಣ್ಣಗಿರುವುದು ನಮ್ಮ ಮೀನುಗಾರರಿಗೂ ಗೊತ್ತಿರುವ ವಿಷಯವೇ. ಆ ವಾರದಲ್ಲೂ ಗಾಳಿ ಬಿಡಬೇಕು. ಗಾಳಿ ನಿಂತರೆ ದೋಣಿಯ ಯಜಮಾನರಿಂದ ಫೋನ್ ಬರುತ್ತದೆ, ಮಧ್ಯರಾತ್ರಿಯಾದರೂ ಹೊರಡಬೇಕು. ಗಾಳಿ ನಿಲ್ಲದೆ, ನೀರು ಮುಟ್ಟದೆ ಮನೆಗೆ ಮರಳಿದವರೂ ಇದ್ದಾರೆ. ಕೊನೆಯ ದಿನಗಳಲ್ಲಿ ಈಜನ್ನು ಕಡಿಮೆ ಮಾಡಿ ಕಾಯುವುದನ್ನು ಅಭ್ಯಾಸ ಮಾಡಬೇಕೆಂದು ಅವಳ ಕೋಚ್ ಹೇಳಿದ್ದಾರೆ. ಇಷ್ಟು ವರ್ಷದ ತಯಾರಿಯಲ್ಲಿ ಹುಡುಗಿಗೆ ಅತಿ ಕಷ್ಟವೆನಿಸಿದ್ದು ಇದೇ. ಮಳೆ ನೋಡುತ್ತ ಜಗಲಿಯಲ್ಲಿ ಕೂತು ಬೆರಳು ಬಡಿಯುತ್ತಾಳೆ.

ಈಜುವವಳ ತಯಾರಿ ಹೀಗೆ ಮುಗಿಯುತ್ತ ಬಂದಾಗ ದೋಣಿಯವರ ತಯಾರಿ ಶುರುವಾಗುತ್ತದೆ. ನಿಯಮ ಸರಳ: ಈಜುವವರು ದೋಣಿಯನ್ನಾಗಲಿ, ದೋಣಿಯವರು ಈಜುವವರನ್ನಾಗಲಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಆಹಾರದ ಬಾಟಲಿಗೆ ಹಗ್ಗ ಕಟ್ಟಿ ಎಸೆಯಬೇಕು, ಕುಡಿದ ಮೇಲೆ ಎಳೆದುಕೊಳ್ಳಬೇಕು. ಪಾಣೆಮಂಗಳೂರಿನ ಕೆಳಗೆ ನಾವು ಅಭ್ಯಾಸ ಮಾಡಿದ್ದು ಇದನ್ನೇ. ಹಗ್ಗ ಗಿಡ್ಡವಾದರೆ ಅವಳು ದೋಣಿಗೆ ತಾಗುವಷ್ಟು ಹತ್ತಿರ ಬರಬೇಕಾಗುತ್ತದೆ, ಉದ್ದವಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ, ಒಂದೊಂದು ಮಾರಿಗೆ ಒಂದೊಂದು ಗಂಟು. ನೀರಿನಲ್ಲಿರುವವರಿಗೆ ಕಿವಿಯೂ ಕೇಳಿಸುವುದಿಲ್ಲ. ಹಾಗಾಗಿ ಒಂದು ಬಿಳಿ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕು. ಆಗೆಲ್ಲ ನನಗೆ ನೆನಪಾಗುವವರು ಮುಂಬೈಯ ತಾರಾನಾಥ ಶೆಣೈ. ಕಿವಿ ಕೇಳಿಸದ, ದೃಷ್ಟಿಯೂ ಮಂದವಾಗಿದ್ದ ಅವರು 1980ರ ದಶಕದಲ್ಲಿ ಇದೇ ಕಡಲ್ಗಾಲುವೆಯನ್ನು ಮೂರು ಸಲ ದಾಟಿದರು. ಅವರ ದೋಣಿಯಲ್ಲಿದ್ದವರು ಎಂಥ ಕಣ್ಣಿಟ್ಟು ಕಾದಿರಬೇಕು!

ಚರಿತ್ರೆ ಓದಿದಷ್ಟೂ ದೋಣಿಯವರ ಮೇಲೆ ಎಷ್ಟು ಭಾರವಿದೆಯೆಂದು ಗೊತ್ತಾಗುತ್ತದೆ. ಅಮೆರಿಕದ ಗರ್ಟ್ರೂಡ್ ಎಡರ್ಲಿ 1925ರಲ್ಲಿ ಈಜುತ್ತಿದ್ದಾಗ, ಅವಳು ಸೋತಳೆಂದು ತಿಳಿದ ತರಬೇತುದಾರ ಇನ್ನೊಬ್ಬ ಈಜುಗಾರನಿಂದ ಅವಳನ್ನು ಹಿಡಿಸಿಬಿಟ್ಟ. ಮುಟ್ಟಿದ್ದರಿಂದ ಈಜು ರದ್ದಾಯಿತು. ತಾನು ಮುಳುಗುತ್ತಿರಲಿಲ್ಲ, ದಣಿವಾರಿಸಿಕೊಳ್ಳುತ್ತಿದ್ದೆ ಎಂದು ಅವಳು ಹೇಳಿದಳು. ಮರುವರ್ಷ ತರಬೇತುದಾರನನ್ನು ಬದಲಿಸಿ, ಅಪ್ಪ ಮತ್ತು ಅಕ್ಕನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟಳು. 1926ರ ಆಗಸ್ಟ್ 6ರಂದು ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ದಾಟಿದಳು. ಅಲ್ಲಿಯವರೆಗಿನ ಗಂಡಸರ ದಾಖಲೆಗಿಂತ ಅದು ಸುಮಾರು ಎರಡು ಗಂಟೆ ಬೇಗ. ನಮ್ಮ ಆರತಿ ಸಾಹಾ ಅವರದೂ ದೋಣಿಯ ಕಥೆಯೇ. 1959ರ ಆಗಸ್ಟ್ 27ರಂದು ದೋಣಿ ತಡವಾಗಿ ಬಂತು. ಹದಿನಾಲ್ಕು ಗಂಟೆಗೂ ಮೇಲೆ ಈಜಿ, ಇಂಗ್ಲೆಂಡಿನ ದಡ ಕೆಲವೇ ಮೈಲಿ ದೂರ ಇರುವಾಗ ಸೆಳೆತಕ್ಕೆ ಸಿಕ್ಕಿ ಮೇಲೆ ಬರಬೇಕಾಯಿತು. ಆಗ ಅವರಿಗೆ 19 ವರ್ಷ ಕೂಡ ತುಂಬಿರಲಿಲ್ಲ. ಊರಿಗೆ ಹಿಂತಿರುಗದೆ ಒಂದು ತಿಂಗಳು ಕಾದು, ಸೆಪ್ಟೆಂಬರ್ 29ರಂದು ಮತ್ತೆ ಇಳಿದು 16 ಗಂಟೆ 20 ನಿಮಿಷದಲ್ಲಿ ದಾಟಿದರು. ಕಡಲ್ಗಾಲುವೆ ದಾಟಿದ ಮೊದಲ ಏಷ್ಯಾದ ಹೆಂಗಸು ಅವರು.

ನನ್ನ ಕೆಲಸ ಲೆಕ್ಕ ಹಿಡಿಯುವುದು. ನಿಮಿಷಕ್ಕೆ ಅವಳ ಕೈ 64 ಸಲ ಬೀಳುತ್ತದೆ. ಅದು 58ಕ್ಕೆ ಇಳಿದರೆ ಬೆಚ್ಚಗಿನದು ಬೇಗ ಕೊಡಬೇಕು. ಇನ್ನೂ ಇಳಿದರೆ ಮುಖ ನೋಡಬೇಕು: ತುಟಿ ನೀಲಿಯಾಗಿದೆಯೇ, ಬೆರಳುಗಳು ಒಂದಕ್ಕೊಂದು ಸೇರುತ್ತಿವೆಯೇ, ಮಾತು ತೊದಲುತ್ತಿದೆಯೇ. ಶರೀರದ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಬುದ್ಧಿ ಮಂಕಾಗುತ್ತದೆ, ಮಂಕಾದದ್ದು ಆ ಮನುಷ್ಯರಿಗೇ ತಿಳಿಯುವುದಿಲ್ಲ. ಆದ್ದರಿಂದ ನಾನು ಕೆಲವು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ, ಅವಳಿಗೆ ತೋರಿಸಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವಾಗ ವೇಣೂರು ಮೊದಲೋ ಗುರುವಾಯನಕೆರೆ ಮೊದಲೋ? ಅಜ್ಜಿಮನೆಯ ಕಪ್ಪು ದನದ ಹೆಸರೇನು? ನೂರರಿಂದ ಏಳು ಕಳೆದರೆ ಎಷ್ಟು? ಕಣ್ಣು ಮುಚ್ಚಿ ಹೇಳಬಲ್ಲ ಇವುಗಳಿಗೆ ಅವಳು ತಡವರಿಸಿದರೆ ನನಗೆ ಬೇರೆ ಸಾಕ್ಷಿ ಬೇಡ. ಮೇಲೆ ಬಂದ ಮೇಲೂ ಸ್ವಲ್ಪ ಹೊತ್ತು ಶಾಖ ಇಳಿಯುತ್ತಲೇ ಇರುತ್ತದೆ. ಒದ್ದೆ ತೆಗೆದು, ಒಣ ಬಟ್ಟೆ ಕಂಬಳಿ ಸುತ್ತಿ, ಮಲಗಿಸಿ ಬೆಚ್ಚಗಿಡಬೇಕು. ಕೈಕಾಲು ತಿಕ್ಕಬಾರದು, ಬಿಸಿನೀರು ಹೊಯ್ಯಬಾರದು.

ಹೋದ ವಾರ ಅಕ್ಕನ ಮನೆಯಲ್ಲಿ ಊಟವಾದ ಮೇಲೆ, ನಡುವೆ ನಿಲ್ಲಿಸಬೇಕಾಗಿ ಬಂದರೆ ಏನು ಎಂಬ ಮಾತನ್ನು ಎತ್ತಿದೆ. ದೋಣಿಯ ಯಜಮಾನರಿಗೆ ಮತ್ತು ಕಡಲ್ಗಾಲುವೆ ಈಜಿನ ಸಂಘದ ವೀಕ್ಷಕರಿಗೆ ಈಜನ್ನು ನಿಲ್ಲಿಸುವ ಅಧಿಕಾರ ಇದ್ದೇ ಇದೆ. ಆದರೆ ಅವರಿಗೆ ಅವಳ ಮುಖದ ಪರಿಚಯವಿಲ್ಲ. ಅವರಿಗಿಂತ ಮೊದಲು ನನಗೇ ತಿಳಿಯುವ ಸಾಧ್ಯತೆ ಹೆಚ್ಚು. ಅಂಥ ಹೊತ್ತಿನಲ್ಲಿ ನಾನು ಬಾ ಅಂದರೆ ಬರುತ್ತೀಯಾ ಎಂದು ಕೇಳಿದೆ.

"ಫ್ರಾನ್ಸ್ ಕಾಣ್ತಾ ಇದ್ರೂ?" ಎಂದಳು.

"ಕಾಣ್ತಾ ಇದ್ರೂ."

ಅವಳು ಕೂಡಲೇ ಉತ್ತರಿಸಲಿಲ್ಲ. ತಟ್ಟೆಗಳನ್ನು ಎತ್ತಿ ಒಳಗಿಟ್ಟು ಬಂದಳು. ಅಕ್ಕ ಮಗಳ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಸುಸ್ತಾಗಿದೆ, ಅಳ್ತಾ ಇದ್ದೇನೆ ಅಂತ ಕರೀಬೇಡಿ ಚಿಕ್ಕಮ್ಮ. ಅಳ್ತೇನೆ, ಅದು ಖಂಡಿತ. ಪ್ರಶ್ನೆಗೆ ಉತ್ತರ ತಪ್ಪಿದ್ರೆ ಕರೀರಿ, ಬರ್ತೇನೆ" ಎಂದಳು. ಭಾವ ಅದನ್ನು ಹಾಗೆಯೇ ಒಂದು ಹಾಳೆಯ ಮೇಲೆ ಬರೆದರು, ಅವಳು ಸಹಿ ಹಾಕಿದಳು, ನಾನೂ ಹಾಕಿದೆ. ನಮ್ಮ ತಯಾರಿಯಲ್ಲಿ ಅತಿ ಮುಖ್ಯವಾದ ಕಾಗದ ವೀಸಾ ಅಲ್ಲ, ಇದು ಎಂದು ನಾನು ತಿಳಿದಿದ್ದೇನೆ. ದಣಿವಿಗೂ ಅಪಾಯಕ್ಕೂ ಇರುವ ವ್ಯತ್ಯಾಸವನ್ನು ಒಣನೆಲದ ಮೇಲೆ, ಹೊಟ್ಟೆ ತುಂಬಿರುವಾಗ ಗೊತ್ತುಮಾಡಿಕೊಳ್ಳಬೇಕು. ನಡುಗಡಲಿನಲ್ಲಿ ಕತ್ತಲೆಯಲ್ಲಿ ಚರ್ಚೆ ಮಾಡಲಾಗುವುದಿಲ್ಲ.

ನನಗೆ ಇದರಲ್ಲಿ ಇಷ್ಟು ಹಟ ಯಾಕೆಂದರೆ, ಆಸ್ಪತ್ರೆಯಲ್ಲಿದ್ದಾಗ ಹೊಳೆಯಿಂದ ಎತ್ತಿ ತಂದ ಮಕ್ಕಳನ್ನು ನಾನು ನೋಡಿದ್ದೇನೆ. ರಜೆಯಲ್ಲಿ ನೆಂಟರ ಮನೆಗೆ ಬಂದವರು, ಪ್ರವಾಸಕ್ಕೆ ಬಂದವರು, ಕಾಲೇಜಿನ ಹುಡುಗರು. ಬೇಸಗೆಯಲ್ಲಿ ಹೊಳೆ ಸಾಧುವಾಗಿ ಕಾಣುತ್ತದೆ. ಮಂಡಿಮಟ್ಟದ ನೀರಿನಿಂದ ಒಂದೇ ಹೆಜ್ಜೆಗೆ ಆಳದ ಗುಂಡಿ ಇರುತ್ತದೆ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ, ಮತ್ತು ದಡದಲ್ಲಿ ನಿಂತು ನೋಡುವವರು ಯಾರೂ ಇರಲಿಲ್ಲ. ನೇತ್ರಾವತಿ, ಫಲ್ಗುಣಿ, ಅವುಗಳಿಗೆ ಸೇರುವ ನೂರು ತೋಡುಗಳ ನಡುವೆ ಬದುಕುವ ನಾವು ಮಕ್ಕಳಿಗೆ ಸೈಕಲ್ ಕಲಿಸಿದಷ್ಟು ಸಹಜವಾಗಿ ಈಜು ಕಲಿಸುತ್ತಿಲ್ಲ. ಬಾವಿಗಳಿಗೆ ಪಂಪು ಬಂತು, ತೋಟಗಳಿಗೆ ಸ್ಪ್ರಿಂಕ್ಲರ್ ಬಂತು, ಊರವರು ಸೇರಿ ಕಟ್ಟ ಹಾಕುವುದು ಕಡಿಮೆಯಾಯಿತು. ಅದರ ಜೊತೆಗೆ ಈಜೂ ಹೋಯಿತು.

ಮುಂದಿನ ವಾರ ಬಜಪೆ ವಿಮಾನ ನಿಲ್ದಾಣದಿಂದ ಹೊರಡುತ್ತೇವೆ. ಡೋವರಿನ ಬಂದರಿನೊಳಗೆ ಕೆಲವು ದಿನ ತಣ್ಣೀರಿನ ಅಭ್ಯಾಸ, ಆರು ಗಂಟೆಯ ಅರ್ಹತಾ ಈಜು, ಆಮೇಲೆ ನಮ್ಮ ಸರದಿ. ಅವಳು ಆ ದಡ ಮುಟ್ಟಿದರೂ, ನಡುವೆಯೇ ನಾನು ಕರೆದು ಅವಳು ಬಂದರೂ, ಒಂದು ಕೆಲಸವಂತೂ ಗೊತ್ತಾಗಿದೆ. ಈ ವರ್ಷ ಮಳೆ ಕಳೆದು ನೀರು ತಿಳಿಯಾದ ಮೇಲೆ ತವರುಮನೆಯ ಹೊಳೆಗೆ ಮತ್ತೆ ಕಟ್ಟ ಹಾಕಲು ತಮ್ಮ ಒಪ್ಪಿದ್ದಾನೆ. ಅಲ್ಲಿ ಭಾನುವಾರದ ಬೆಳಗ್ಗೆ ಅವಳು ಮಕ್ಕಳಿಗೆ ಈಜು ಕಲಿಸುತ್ತಾಳೆ, ದುಡ್ಡಿಲ್ಲದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಂದೆತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳನ್ನು ಕಳಿಸಿ, ಹೆಣ್ಣುಮಕ್ಕಳನ್ನೂ ಕಳಿಸಿ. ಕಳಿಸುವಾಗ ಮನೆಯ ದೊಡ್ಡವರೊಬ್ಬರು ಜೊತೆಗೇ ಬನ್ನಿ. ಕಲಿಸಲು ಒಬ್ಬಳು ಸಾಕು, ದಡದಲ್ಲಿ ನಿಲ್ಲಲು ತುಂಬ ಜನ ಬೇಕು.